ಕಚೇರಿಯೊಳಗಿನ ಹವೆ: ವ್ಯವಸ್ಥಾಪಕರು ಕಂಡಂತೆ

ನಮ್ಮ ಮನೆತನಗಳಲ್ಲಿ ವಧೂವರರ ಮಾತುಕತೆ ಆರಂಭವಾದೊಡನೆ ಹಿರಿಯರ ಬಾಯಿಂದ ಹೊರಡುವ ಮೊದಲ ಪ್ರಶ್ನೆಗಳಲ್ಲಿ ಒಂದು, ‘ಹುಡುಗನ ನೌಕರಿ ಸರ್ಕಾರಿಯೋ ಖಾಸಗಿಯೋ?’ ಎಂಬುದು. ಅದಕ್ಕೆ ದೊರೆಯುವ ಉತ್ತರವೊಂದರಿಂದಲೇ ಸಂಬಳ, ನಿವೃತ್ತಿ ವೇತನ, ವರ್ಗಾವಣೆ, ವಾಸದ ಊರು ಎಲ್ಲವನ್ನೂ ಲೆಕ್ಕಹಾಕಿ ಮುಗಿಸಿಬಿಡುತ್ತೇವೆ. ಬೆಳಿಗ್ಗೆ ಕಚೇರಿಯ ಬಾಗಿಲು ದಾಟಿ ಒಳಹೊಕ್ಕಾಗ ಆತನ ಮನಸ್ಸಿಗೆ ಏನೆನಿಸುತ್ತದೆ, ಮೇಲಧಿಕಾರಿಯ ದೂರವಾಣಿ ಬಂದಾಗ ಎದೆ ಏಕೆ ಹೊಡೆದುಕೊಳ್ಳುತ್ತದೆ, ತಪ್ಪು ನಡೆದ ದಿನ ಆತನ ಬೆನ್ನಿಗೆ ಯಾರು ನಿಲ್ಲುತ್ತಾರೆ ಎಂದು ಕೇಳುವವರು ವಿರಳ. ಎರಡೂ ಬಗೆಯ ಬ್ಯಾಂಕುಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು ನಿವೃತ್ತನಾಗಿರುವ ನನಗೆ ಈ ಕೇಳದ ಪ್ರಶ್ನೆಗಳೇ ಹೆಚ್ಚು ಮುಖ್ಯವೆಂದು ತೋರುತ್ತವೆ.

ಕಳೆದ ದೀಪಾವಳಿಯಂದು ನಮ್ಮ ಮನೆಯ ಪಂಕ್ತಿಯಲ್ಲಿ ಇಬ್ಬರು ಶಾಖಾ ವ್ಯವಸ್ಥಾಪಕರು ಅಕ್ಕಪಕ್ಕದಲ್ಲಿ ಕುಳಿತಿದ್ದರು. ಒಬ್ಬ ನನ್ನ ತಂಗಿಯ ಮಗ, ಸರ್ಕಾರಿ ಬ್ಯಾಂಕಿನವನು. ಇನ್ನೊಬ್ಬಳು ತಮ್ಮನ ಮಗಳು, ಖಾಸಗಿ ಬ್ಯಾಂಕಿನವಳು. ಹೋಳಿಗೆ ಬಡಿಸಿ ಮುಗಿಯುವಷ್ಟರಲ್ಲಿ ಆಕೆಯ ದೂರವಾಣಿ ಮೂರು ಬಾರಿ ಮೊಳಗಿತು. ತಿಂಗಳ ವಿಮೆ ಮಾರಾಟದ ಅಂಕಿ ಎಷ್ಟಕ್ಕೆ ಬಂತೆಂದು ವಲಯದ ಮುಖ್ಯಸ್ಥರ ವಿಚಾರಣೆ. ಈತನ ದೂರವಾಣಿ ಒಮ್ಮೆಯೂ ಸದ್ದು ಮಾಡಲಿಲ್ಲ. ಆದರೆ ಈತನ ಚೀಲದಲ್ಲಿ ಒಂದು ಲಕೋಟೆ ಇತ್ತು. ನಾಲ್ಕು ವರ್ಷಗಳ ಹಿಂದೆ ಬೇರೊಂದು ಶಾಖೆಯಲ್ಲಿದ್ದಾಗ ಮಂಜೂರು ಮಾಡಿದ ಸಾಲವೊಂದರ ಬಗ್ಗೆ ಆರೋಪಪತ್ರ. ‘ನಿನ್ನದೇ ಎಷ್ಟೋ ವಾಸಿ’ ಎಂದು ಈತ ಆಕೆಗೂ, ‘ನಿನ್ನ ಜಾಗ ನನಗಿದ್ದರೆ’ ಎಂದು ಆಕೆ ಈತನಿಗೂ ಹೇಳುತ್ತಿದ್ದುದನ್ನು ಕೇಳಿದ ನನ್ನ ವೃದ್ಧ ತಾಯಿ, ‘ಇಬ್ಬರಿಗೂ ಒಳ್ಳೆಯ ನೌಕರಿ ಎಂದು ಊರೆಲ್ಲ ಹೇಳಿಕೊಂಡು ಬಂದೆನಲ್ಲ!’ ಎಂದು ಕೈಯಲ್ಲಿದ್ದ ತುಪ್ಪದ ಗಿಂಡಿಯನ್ನು ಹಾಗೆಯೇ ಹಿಡಿದು ನಿಂತರು.

ಇಬ್ಬರ ಮಾತಿನಲ್ಲೂ ಇದ್ದುದು ವಿದ್ವಾಂಸರು ‘ಕಾರ್ಯಪರಿಸರ’ ಎಂದು ಕರೆಯುವ ವಸ್ತು. ಹೊರಗಿನ ಹವೆಯನ್ನು ಅಳೆಯಲು ಉಷ್ಣಮಾಪಕವಿದೆ. ಕಚೇರಿಯ ಹವೆಗೆ ಅಲ್ಲಿ ದುಡಿಯುವವರ ಅನಿಸಿಕೆಯೇ ಮಾಪಕ. ಈ ವಿಚಾರದ ಶಾಸ್ತ್ರೀಯ ಅಧ್ಯಯನಕ್ಕೆ ನಾಂದಿ ಹಾಡಿದವರಲ್ಲಿ ಕರ್ಟ್ ಲೆವಿನ್ ಪ್ರಮುಖರು. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ಈ ಮನಶ್ಶಾಸ್ತ್ರಜ್ಞರು ಲಿಪಿಟ್ ಮತ್ತು ವೈಟ್ ಎಂಬ ಸಹೋದ್ಯೋಗಿಗಳೊಡನೆ ೧೯೩೯ರಲ್ಲಿ ಪ್ರಕಟಿಸಿದ ಅಧ್ಯಯನ ಯಾವ ಕಾರ್ಖಾನೆಗೂ ಸಂಬಂಧಿಸಿದ್ದಲ್ಲ. ಹತ್ತು ಹನ್ನೊಂದು ವರ್ಷದ ಬಾಲಕರ ಹವ್ಯಾಸ ಸಂಘಗಳಿಗೆ ಸಂಬಂಧಿಸಿದ್ದು. ಅಪ್ಪಣೆ ಮಾಡುವ ಮುಖಂಡ, ಕೂಡಿ ಆಲೋಚಿಸುವ ಮುಖಂಡ, ಏನನ್ನೂ ಹೇಳದೆ ಬಿಟ್ಟುಬಿಡುವ ಮುಖಂಡ ಹೀಗೆ ಮುಖಂಡರು ಬದಲಾದಂತೆ ಅದೇ ಬಾಲಕರ ನಡತೆಯೂ ಬದಲಾಯಿತು. ಅಪ್ಪಣೆಯ ಮುಖಂಡ ಕೋಣೆಯಿಂದ ಹೊರಗೆ ಹೋದೊಡನೆ ಕೆಲಸ ಕುಸಿಯುತ್ತಿತ್ತು. ಕೂಡಿ ಆಲೋಚಿಸುವವನು ಹೊರಗೆ ಹೋದರೂ ಕೆಲಸ ಸಾಗುತ್ತಿತ್ತು. ಮುಂದೆ ೧೯೬೮ರಲ್ಲಿ ಲಿಟ್‌ವಿನ್ ಮತ್ತು ಸ್ಟ್ರಿಂಗರ್ ಎಂಬ ಇಬ್ಬರು ವಿದ್ವಾಂಸರು ಮೂರು ಕೃತಕ ಕಂಪನಿಗಳನ್ನೇ ಕಟ್ಟಿ, ಮೇಲಿನವರ ನಡವಳಿಕೆಯೊಂದನ್ನೇ ಬದಲಿಸುವುದರಿಂದ ಕೆಲವೇ ದಿನಗಳಲ್ಲಿ ಮೂರು ಬೇರೆ ಬೇರೆ ಹವೆಗಳು ಹುಟ್ಟುತ್ತವೆ ಎಂದು ತೋರಿಸಿದರು. ನಮ್ಮ ದೇಶದಲ್ಲಿ ಉದಯ ಪಾರೀಕ್ ಮತ್ತು ಟಿ.ವಿ. ರಾವ್ ಅವರು ಎಪ್ಪತ್ತರ ದಶಕದಿಂದ ಈ ಕೆಲಸಕ್ಕೆ ತಮ್ಮ ಆಯುಷ್ಯವನ್ನೇ ಸವೆಸಿದರು. ಮುಕ್ತ ಮಾತು, ವಿಶ್ವಾಸ, ಸ್ವಾತಂತ್ರ್ಯ, ಸಹಕಾರ, ಹೊಸದನ್ನು ಮಾಡಿನೋಡುವ ಧೈರ್ಯ ಇತ್ಯಾದಿಗಳನ್ನು ಪ್ರಶ್ನಾವಳಿಗಳ ಮೂಲಕ ಅಳೆಯುವ ಪದ್ಧತಿ ಇಲ್ಲಿ ಬೇರೂರಿದ್ದು ಅವರಿಂದ.

ಇಲ್ಲಿ ಒಂದು ಸೂಕ್ಷ್ಮವಿದೆ. ಅನಿಸಿಕೆ ವಾಸ್ತವಕ್ಕೆ ಸಮನಾಗಿಯೇ ಇರಬೇಕೆಂದಿಲ್ಲ. ಒಂದೇ ಕಚೇರಿಯ ಇಬ್ಬರು ವ್ಯವಸ್ಥಾಪಕರು ಎರಡು ಬೇರೆ ಹವೆಗಳನ್ನು ಅನುಭವಿಸುವುದುಂಟು. ಆದರೂ ಮನುಷ್ಯ ನಡೆದುಕೊಳ್ಳುವುದು ಅನಿಸಿಕೆಯ ಆಧಾರದ ಮೇಲೆಯೇ. ತನ್ನ ಬೆನ್ನಿಗೆ ಯಾರೂ ನಿಲ್ಲಲಾರರೆಂದು ನಂಬಿದ ವ್ಯವಸ್ಥಾಪಕ ಸಹಿ ಹಾಕುವುದಿಲ್ಲ. ಆತ ಸಹಿ ಹಾಕದಿದ್ದರೆ ಹೊರಗೆ ಬೆಂಚಿನ ಮೇಲೆ ಕುಳಿತ ರೈತನಿಗೆ ಬಿತ್ತನೆಯ ಹೊತ್ತಿಗೆ ಹಣ ದೊರೆಯುವುದಿಲ್ಲ. ಈ ವಿಷಯ ಕಚೇರಿಯ ನಾಲ್ಕು ಗೋಡೆಗಳೊಳಗೆ ಮುಗಿಯುವಂಥದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸರ್ಕಾರಿ ಮತ್ತು ಖಾಸಗಿ ಹವೆಗಳನ್ನು ತೂಗಿ ನೋಡಲು ಬ್ಯಾಂಕುಗಳಿಗಿಂತ ಒಳ್ಳೆಯ ಕ್ಷೇತ್ರ ಕನ್ನಡ ನಾಡಿನಲ್ಲಿ ಮತ್ತೊಂದಿಲ್ಲ. ಕೆಲಸ ಒಂದೇ, ಕಾನೂನು ಬಹುಮಟ್ಟಿಗೆ ಒಂದೇ, ಗ್ರಾಹಕರೂ ಅವರೇ; ಒಡೆತನ ಮಾತ್ರ ಬೇರೆ. ನಮ್ಮ ಕರಾವಳಿಯೊಂದರಲ್ಲೇ ೧೯೦೬ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, ೧೯೨೪ರಲ್ಲಿ ಕರ್ಣಾಟಕ, ೧೯೨೫ರಲ್ಲಿ ಸಿಂಡಿಕೇಟ್, ೧೯೩೧ರಲ್ಲಿ ವಿಜಯಾ ಬ್ಯಾಂಕುಗಳು ಹುಟ್ಟಿದವು. ೧೯೬೯ರ ಜುಲೈ ೧೯ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡಾಗ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಅಧಿಕಾರಿಗಳು ರಾತ್ರಿ ಖಾಸಗಿಯವರಾಗಿ ಮಲಗಿ ಬೆಳಿಗ್ಗೆ ಸರ್ಕಾರದವರಾಗಿ ಎದ್ದರು. ವಿಜಯಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳಿಗೆ ಆ ಸರದಿ ಬಂದದ್ದು ೧೯೮೦ರ ಏಪ್ರಿಲ್‌ನಲ್ಲಿ. ಕರ್ಣಾಟಕ ಬ್ಯಾಂಕು ಖಾಸಗಿಯಾಗಿಯೇ ಉಳಿಯಿತು. ೨೦೧೯ ಮತ್ತು ೨೦೨೦ರ ವಿಲೀನಗಳ ನಂತರ ರಾಷ್ಟ್ರೀಕೃತವಾದ ಆ ನಾಲ್ಕರಲ್ಲಿ ತನ್ನ ಹೆಸರಿನಿಂದ ಉಳಿದಿರುವುದು ಕೆನರಾ ಬ್ಯಾಂಕೊಂದೇ. ತಮ್ಮ ಬ್ಯಾಂಕಿನ ಹೆಸರು ಫಲಕದಿಂದ ಇಳಿದ ದಿನ ಕಣ್ಣೀರಿಟ್ಟ ನಿವೃತ್ತರನ್ನು ನಾನು ಬಲ್ಲೆ. ಅದೂ ಹವೆಯ ಒಂದು ಭಾಗವೇ.

ನಾನು ೧೯೭೭ರಲ್ಲಿ ಸೇರಿದ್ದು ರಾಷ್ಟ್ರೀಕೃತ ಬ್ಯಾಂಕೊಂದಕ್ಕೆ. ಆ ದಶಕಗಳ ವಿಸ್ತಾರವನ್ನು ಇಂದಿನವರಿಗೆ ವಿವರಿಸುವುದು ಕಷ್ಟ. ೧೯೬೯ರಲ್ಲಿ ದೇಶದಲ್ಲೆಲ್ಲ ಎಂಟು ಸಾವಿರ ಚಿಲ್ಲರೆ ಇದ್ದ ಬ್ಯಾಂಕು ಶಾಖೆಗಳು ೧೯೯೧ರ ಹೊತ್ತಿಗೆ ಅರವತ್ತು ಸಾವಿರ ತಲುಪಿದ್ದವು. ಆ ಶಾಖೆಗಳಿಗೆ ಯುವ ಅಧಿಕಾರಿಗಳು ಬೇಕಾಗಿದ್ದರು. ೧೯೮೬ರಲ್ಲಿ ನನ್ನನ್ನು ಅಂದಿನ ಅವಿಭಜಿತ ಬಿಜಾಪುರ ಜಿಲ್ಲೆಯ ನೇಕಾರರ ಊರೊಂದಕ್ಕೆ ವ್ಯವಸ್ಥಾಪಕನನ್ನಾಗಿ ಕಳುಹಿಸಲಾಯಿತು. ಊರಿನಲ್ಲಿ ಪೊಲೀಸ್ ಠಾಣೆಯ ಅಧಿಕಾರಿ, ಶಾಲೆಯ ಮುಖ್ಯೋಪಾಧ್ಯಾಯರು, ನಾನು ಹೀಗೆ ಮೂವರು ‘ಸಾಹೇಬರು’. ದಿನವೂ ಯಾರದೋ ಮನೆಗೆ ಎಮ್ಮೆ, ಯಾರದೋ ಮನೆಗೆ ಮಗ್ಗ. ನಾನು ಸಹಿ ಹಾಕಿದ ಕಾಗದ ಬೀದಿಯಲ್ಲಿ ನಡೆದಾಡುತ್ತಿರುವುದನ್ನು ಕಣ್ಣಾರೆ ಕಾಣುತ್ತಿದ್ದೆ. ಕಾಯಕ ಎಂಬ ಮಾತನ್ನು ಬಾಲ್ಯದಿಂದ ಮನೆಯಲ್ಲಿ ಕೇಳಿದ್ದೆನಾದರೂ ಅದರ ತೃಪ್ತಿಯನ್ನು ನಾನು ಉಂಡದ್ದು ಅಲ್ಲಿಯೇ.

ಆ ಊರಿನಲ್ಲಿ ನೇಕಾರ ವೃತ್ತಿಯ ಒಬ್ಬ ವಿಧವೆ ಇದ್ದರು. ಪತಿಯ ಮಗ್ಗ ಮನೆಯಲ್ಲಿತ್ತು, ನೂಲಿಗೆ ಹಣವಿರಲಿಲ್ಲ. ಮನೆಯ ಕಾಗದಪತ್ರ ಮೈದುನನ ಹೆಸರಿನಲ್ಲಿ. ಜಾಮೀನಿಗೆ ಆತ ಒಪ್ಪಲಿಲ್ಲ. ಆಕೆಯ ಕೈಕೆಲಸವನ್ನು ಕಂಡು, ಊರ ವರ್ತಕರಲ್ಲಿ ವಿಚಾರಿಸಿ, ನಿಯಮ ನನಗೆ ಕೊಟ್ಟಿದ್ದ ವಿವೇಚನೆಯ ಅಂಚಿನಲ್ಲಿ ನಿಂತು ಮೂರು ಸಾವಿರ ರೂಪಾಯಿ ಸಾಲ ಕೊಟ್ಟೆ. ಮರುವರ್ಷದ ತಪಾಸಣೆಯಲ್ಲಿ ಅದು ಆಕ್ಷೇಪಣೆಯಾಯಿತು. ವಿವರಣೆ ಬರೆದೆ. ವಿವರಣೆಗೆ ಮತ್ತೊಂದು ಪ್ರಶ್ನೆ ಬಂತು. ಅದಕ್ಕೂ ಬರೆದೆ. ೧೯೮೯ರಲ್ಲಿ ಆಕೆ ಕೊನೆಯ ಕಂತನ್ನೂ ಕಟ್ಟಿ ಸಾಲ ತೀರಿಸಿದರು. ನನ್ನ ಕಡತ ಮುಚ್ಚಿದ್ದು ಅದರ ಮರುವರ್ಷ. ನಾಲ್ಕು ವರ್ಷಗಳ ಪತ್ರವ್ಯವಹಾರದಲ್ಲಿ ಒಬ್ಬರಾದರೂ, ಹಣ ಮರಳಿ ಬಂತೇ ಎಂದು ಕೇಳಿರಲಿಲ್ಲ. ಆ ಬ್ಯಾಂಕಿನ ಮೇಲೆ ನನಗೆ ದ್ವೇಷವಿಲ್ಲ. ಅದು ನನ್ನ ಸಂಸಾರವನ್ನು ಸಾಕಿದೆ. ಆದರೆ ಅಂದಿನಿಂದ ನನ್ನ ಟಿಪ್ಪಣಿಗಳು ಉದ್ದವಾದವು, ಸಾಲಗಳು ಚಿಕ್ಕದಾದವು. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಹವೆ ಹೇಳಿತು.

೧೯೯೦ರಲ್ಲಿ ಕೇಂದ್ರ ಸರ್ಕಾರ ರೈತರ ಹಾಗೂ ನೇಕಾರ, ಕುಶಲಕರ್ಮಿಗಳ ಹತ್ತು ಸಾವಿರ ರೂಪಾಯಿವರೆಗಿನ ಸುಸ್ತಿಬಾಕಿ ಸಾಲಗಳಿಗೆ ಪರಿಹಾರ ಘೋಷಿಸಿತು. ಬಾಕಿ ಉಳಿಸಿಕೊಂಡವರ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದಾಗ ಆಕೆ ಶಾಖೆಗೆ ಬಂದು, ‘ನಾನು ಕಟ್ಟಿದ್ದೇ ತಪ್ಪಾಯಿತೇನ್ರಿ ಸಾಹೇಬ್ರ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸರ್ಕಾರಿ ಸಂಸ್ಥೆಯ ವ್ಯವಸ್ಥಾಪಕನು ತನ್ನ ಪರಿಸರವನ್ನು ಕುರಿತು ಮಾತನಾಡುವಾಗ ಪದೇ ಪದೇ ಹೇಳುವ ದೂರು ಇದು: ನಿರ್ಧಾರ ಬೇರೆಡೆ ಆಗುತ್ತದೆ, ಜನರ ಮುಖ ನೋಡಬೇಕಾದವನು ತಾನು.

ವಿದೇಶಗಳ ಅಧ್ಯಯನಗಳೂ ಇದಕ್ಕೆ ಸಮೀಪದ ಮಾತನ್ನೇ ಹೇಳುತ್ತವೆ. ಹಾಲ್ ರೈನಿ ಎಂಬ ಅಮೆರಿಕದ ವಿದ್ವಾಂಸರು ಕಂಡುಕೊಂಡಂತೆ, ತಮ್ಮ ಒಳ್ಳೆಯ ಕೆಲಸಕ್ಕೂ ದೊರೆಯುವ ಬಡ್ತಿ ಸಂಬಳಗಳಿಗೂ ನಂಟು ಸಡಿಲವಾಗಿದೆಯೆಂಬ ಭಾವನೆ ಖಾಸಗಿಯವರಿಗಿಂತ ಸರ್ಕಾರಿ ವ್ಯವಸ್ಥಾಪಕರಲ್ಲಿ ಹೆಚ್ಚು. ಇದು ನಿರೀಕ್ಷಿತವೇ. ಆದರೆ ಬ್ರೂಸ್ ಬ್ಯುಕಾನನ್ ಎಂಬವರು ೧೯೭೫ರಲ್ಲಿ ಪ್ರಕಟಿಸಿದ ಅಧ್ಯಯನದ ಫಲಿತಾಂಶ ಅವರನ್ನೇ ಅಚ್ಚರಿಗೊಳಿಸಿತ್ತು. ನಿಯಮಗಳ ಬಿಗಿ ತಮ್ಮ ಮೇಲೆ ಹೆಚ್ಚೆಂದು ಹೇಳಿದವರು ಸರ್ಕಾರಿ ವ್ಯವಸ್ಥಾಪಕರಲ್ಲ, ಖಾಸಗಿಯವರು! ಮೊದಲು ಓದಿದಾಗ ನನಗೂ ನಂಬಿಕೆ ಬರಲಿಲ್ಲ. ಖಾಸಗಿ ಬ್ಯಾಂಕಿನಲ್ಲಿ ಕುಳಿತ ಮೇಲೆ ನಂಬಿದೆ.

೨೦೦೦-೦೧ರಲ್ಲಿ ಸರ್ಕಾರಿ ಬ್ಯಾಂಕುಗಳು ಸ್ವಯಂ ನಿವೃತ್ತಿ ಯೋಜನೆಯನ್ನು ತಂದಾಗ ದೇಶಾದ್ಯಂತ ಸುಮಾರು ಒಂದು ಲಕ್ಷ ಮಂದಿ ಹೊರಬಂದರು. ಅವರಲ್ಲಿ ನಾನೂ ಒಬ್ಬ. ಕೆಲವು ತಿಂಗಳಲ್ಲಿಯೇ ಖಾಸಗಿ ಬ್ಯಾಂಕೊಂದರ ನಗರ ಶಾಖೆಗೆ ಸೇರಿದೆ. ಮೊದಲ ವರ್ಷ ನನಗೆ ಹತ್ತು ವರ್ಷ ಪ್ರಾಯ ಇಳಿದಂತಿತ್ತು. ಸಾಲದ ಅರ್ಜಿ ಬೆಳಿಗ್ಗೆ ಹೋದರೆ ಸಂಜೆಗೆ ಉತ್ತರ. ಕುರ್ಚಿ ಮುರಿದರೆ ಹೊಸ ಕುರ್ಚಿಗೆ ಮೂರು ದರಪಟ್ಟಿ ತರಿಸಬೇಕಾಗಿರಲಿಲ್ಲ. ನನ್ನ ಅರ್ಧ ವಯಸ್ಸಿನ ಹುಡುಗರು ಮುಖ್ಯಸ್ಥರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಇದಲ್ಲವೇ ಮುಕ್ತ ವಾತಾವರಣ ಎಂದುಕೊಂಡೆ.

ಹೆಸರು ಹಿಡಿದು ಕರೆಯುವುದಕ್ಕೂ ಮನಸ್ಸಿನ ಮಾತನ್ನು ಆಡುವುದಕ್ಕೂ ಎಷ್ಟು ಅಂತರವಿದೆಯೆಂದು ತಿಳಿಯಲು ಎರಡು ವರ್ಷ ಹಿಡಿಯಿತು. ಹಳೆಯ ಬ್ಯಾಂಕಿನಲ್ಲಿ ವಲಯಾಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದೆವು. ಆದರೆ ಸಭೆಯಲ್ಲಿ ‘ಈ ಗುರಿ ಸಾಧ್ಯವಿಲ್ಲ’ ಎಂದು ಹೇಳುವ ಅಧಿಕಾರಿ ಸಂಘವೊಂದಿತ್ತು. ಇಲ್ಲಿ ಆ ಮಾತನ್ನು ಹೇಳಿದವರು ಮುಂದಿನ ಸಭೆಯಲ್ಲಿ ಇರುತ್ತಿರಲಿಲ್ಲ. ದಿನದ ಅಂಕಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಬೇಕು. ಗ್ರಾಹಕನಿಗೆ ಏನು ಹೇಳಬೇಕೆಂಬ ವಾಕ್ಯಗಳೂ ಮುಂಬಯಿಯಿಂದ ಸಿದ್ಧವಾಗಿ ಬರುತ್ತಿದ್ದವು. ನಿಯಮಗಳ ಬಿಗಿ ಎಂದರೆ ಇದಕ್ಕಿಂತ ಬೇರೆ ಇನ್ನೇನು? ಒಂದು ಸೋಮವಾರ ಬೆಳಿಗ್ಗೆ ನನ್ನ ಪಕ್ಕದ ಕೋಣೆಯ ಸಹೋದ್ಯೋಗಿ, ನಲವತ್ತೆಂಟು ವಯಸ್ಸಿನವರು, ಬರಲಿಲ್ಲ. ಅವರ ಗುರುತಿನ ಚೀಟಿ ಶನಿವಾರ ಸಂಜೆಯೇ ನಿಷ್ಕ್ರಿಯವಾಗಿತ್ತೆಂದು ಆಮೇಲೆ ತಿಳಿಯಿತು. ಮೇಜಿನ ಮೇಲಿದ್ದ ಮಕ್ಕಳ ಭಾವಚಿತ್ರವನ್ನು ನಾನೇ ಅವರ ಮನೆಗೆ ತಲುಪಿಸಿದೆ. ಬಾಗಿಲು ತೆರೆದ ಅವರ ಪತ್ನಿಗೆ ವಿಷಯ ಇನ್ನೂ ಗೊತ್ತಿರಲಿಲ್ಲ.

ರಿಸರ್ವ್ ಬ್ಯಾಂಕು ೨೦೨೪ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವಾರ್ಷಿಕ ವರದಿಯೊಂದರಲ್ಲಿ, ಆಯ್ದ ಕೆಲವು ಖಾಸಗಿ ಬ್ಯಾಂಕುಗಳಲ್ಲಿಯೂ ಕಿರು ಹಣಕಾಸು ಬ್ಯಾಂಕುಗಳಲ್ಲಿಯೂ ಅದರ ಹಿಂದಿನ ಮೂರು ವರ್ಷಗಳಲ್ಲಿ ಸರಾಸರಿ ಶೇಕಡಾ ೨೫ರಷ್ಟು ನೌಕರರು ವರ್ಷವೂ ಕೆಲಸ ಬಿಟ್ಟು ಹೋಗುತ್ತಿದ್ದುದನ್ನು ಗುರುತಿಸಿ ಕಳವಳ ವ್ಯಕ್ತಪಡಿಸಿತು. ನಾಲ್ವರಲ್ಲಿ ಒಬ್ಬರು! ಅದೇ ವರದಿಯ ಪ್ರಕಾರ ೨೦೨೩-೨೪ರಲ್ಲಿ ಖಾಸಗಿ ಬ್ಯಾಂಕುಗಳ ನೌಕರರ ಒಟ್ಟು ಸಂಖ್ಯೆ ಸರ್ಕಾರಿ ಬ್ಯಾಂಕುಗಳದ್ದನ್ನು ಮೀರಿತು. ಅಂದರೆ ನಮ್ಮ ಮಕ್ಕಳಲ್ಲಿ ಬ್ಯಾಂಕು ಸೇರುವ ಹೆಚ್ಚಿನವರಿಗೆ ದೊರೆಯಲಿರುವುದು ಈ ಹವೆಯೇ.

ಸರ್ಕಾರಿ ಬ್ಯಾಂಕಿನ ವ್ಯವಸ್ಥಾಪಕರ ಅಂಜಿಕೆಗೆ ಕಾರಣಗಳನ್ನು ಬಿಡಿಸಿ ಬರೆದವರಲ್ಲಿ ಪಿ.ಜೆ. ನಾಯಕ್ ಸಮಿತಿ ಮುಖ್ಯವಾದುದು. ಅಧ್ಯಕ್ಷರು ಮೊದಲು ಆಡಳಿತ ಸೇವೆಯಲ್ಲಿದ್ದು, ಬಳಿಕ ಆಕ್ಸಿಸ್ ಬ್ಯಾಂಕಿನ ಮುಖ್ಯಸ್ಥರಾಗಿದ್ದವರು. ಎರಡೂ ದಡಗಳನ್ನು ಕಂಡವರು. ೨೦೧೪ರ ಮೇ ತಿಂಗಳ ಅವರ ವರದಿ, ಹಣಕಾಸು ಮಂತ್ರಾಲಯ ಮತ್ತು ರಿಸರ್ವ್ ಬ್ಯಾಂಕು ಎಂಬ ಇಬ್ಬರು ಒಡೆಯರ ಹಿಡಿತ, ಮುಖ್ಯಸ್ಥರ ಅಲ್ಪಾವಧಿ, ಸಂಬಳದ ಮಿತಿ, ಕೇಂದ್ರ ಜಾಗೃತ ಆಯೋಗ ಮತ್ತು ತನಿಖಾ ದಳಗಳ ಹೊರಗಿನ ಕಣ್ಗಾವಲು ಇವೆಲ್ಲ ಸರ್ಕಾರಿ ಬ್ಯಾಂಕುಗಳ ಕೈಕಾಲು ಕಟ್ಟಿವೆಯೆಂದು ಹೇಳಿತು. ೧೯೮೮ರ ಭ್ರಷ್ಟಾಚಾರ ತಡೆ ಕಾಯ್ದೆಯ ೧೩ನೆಯ ಕಲಮಿನಲ್ಲಿ ಒಂದು ಉಪಕಲಮು ಇತ್ತು. ಅಧಿಕಾರಿ ಲಂಚ ಪಡೆಯದಿದ್ದರೂ, ಸಾರ್ವಜನಿಕ ಹಿತವಿಲ್ಲದೆ ಬೇರೊಬ್ಬರಿಗೆ ಲಾಭವಾಗುವಂತೆ ನಡೆದುಕೊಂಡರೆ ಅದೇ ಅಪರಾಧ. ಸಾಲ ಕೊಡುವುದೇ ಕೆಲಸವಾದವನಿಗೆ, ಪಡೆದವನು ಮುಳುಗಿದ ದಿನ ತಾನೂ ಅಪರಾಧಿಯಾದೇನೆಂಬ ಭಯ. ೨೦೧೮ರ ತಿದ್ದುಪಡಿಯಲ್ಲಿ ಆ ಉಪಕಲಮನ್ನು ತೆಗೆಯಲಾಯಿತು. ಕಾನೂನು ಬದಲಾದರೂ ಭಯ ಅಷ್ಟು ಬೇಗ ಹೋಗದೆಂಬುದನ್ನು ನನ್ನ ತಂಗಿಯ ಮಗನ ಮುಖ ನೋಡಿದವರಿಗೆ ಹೇಳಬೇಕಾಗಿಲ್ಲ. ಖಾಸಗಿಯವರೂ ಇದರಿಂದ ಹೊರಗೇನಲ್ಲ. ೨೦೧೬ರಲ್ಲಿ ಸರ್ವೋಚ್ಚ ನ್ಯಾಯಾಲಯ ಖಾಸಗಿ ಬ್ಯಾಂಕುಗಳ ಅಧಿಕಾರಿಗಳೂ ಆ ಕಾಯ್ದೆಯ ಮಟ್ಟಿಗೆ ಸಾರ್ವಜನಿಕ ಸೇವಕರೇ ಎಂದು ತೀರ್ಪಿತ್ತಿದೆ.

ಎರಡರಲ್ಲಿ ಯಾವುದು ಲೇಸೆಂದು ನನ್ನನ್ನು ಕೇಳುವವರಿಗೆ ನಾನು ಹೇಳುವುದು ಇಷ್ಟು. ಸರ್ಕಾರಿ ವ್ಯವಸ್ಥಾಪಕನ ಅಂಜಿಕೆ ಕಳೆದ ಕಾಲದಿಂದ ಬರುತ್ತದೆ. ಎಂದೋ ಹಾಕಿದ ಸಹಿ ಎಂದು ಎದ್ದು ಬರುವುದೋ ಎಂಬುದು ಅವನ ಚಿಂತೆ. ಖಾಸಗಿಯವನದು ಬರುವ ಕಾಲದ ಅಂಜಿಕೆ. ತಿಂಗಳ ಕೊನೆಯ ಅಂಕಿಯದು. ಮೊದಲನೆಯವನು ಆದ್ದರಿಂದಲೇ ನಿಧಾನಿ, ಎರಡನೆಯವನು ಆದ್ದರಿಂದಲೇ ಅವಸರದವನು. ಸೋಮಾರಿತನ, ದಕ್ಷತೆ ಎಂದು ಹೊರಗಿನವರು ಹೆಸರಿಡುವುದು ಬಹುಪಾಲು ಇದಕ್ಕೆ. ಇತ್ತೀಚೆಗೆ ಈ ಗೆರೆಯೂ ಅಳಿಸುತ್ತಿದೆ. ೨೦೨೩ರ ಜೂನ್‌ನಲ್ಲಿ ಖಾಸಗಿ ಬ್ಯಾಂಕೊಂದರ ಅಧಿಕಾರಿ ದೃಶ್ಯಸಭೆಯಲ್ಲಿ ಕೈಕೆಳಗಿನವರನ್ನು ಗದರಿಸುವ ಚಿತ್ರ ದೇಶವೆಲ್ಲ ಹರಡಿ, ಆತ ಅಮಾನತುಗೊಂಡ. ಮರುವರ್ಷ ಮೇ ತಿಂಗಳಲ್ಲಿ ಹರಡಿದ ಅಂಥವೇ ಚಿತ್ರಗಳಲ್ಲಿ ಒಂದು ಸರ್ಕಾರಿ ಬ್ಯಾಂಕಿನದಾಗಿತ್ತು. ವಿಮೆ ಮಾರುವ ಒತ್ತಡ ಈಗ ಎರಡೂ ಕಡೆಗಿದೆ.

ಮನೆಯ ಹಿರಿಯರಿಗೆ ಇನ್ನೊಂದು ಮಾತು. ಸರ್ಕಾರಿ ಬ್ಯಾಂಕು ಎಂದೊಡನೆ ಹಳೆಯ ನಿವೃತ್ತಿ ವೇತನ ಎಂದು ಭಾವಿಸಬೇಡಿ. ೨೦೧೦ರ ಏಪ್ರಿಲ್ ೧ರ ನಂತರ ಸೇರಿದವರು ವಂತಿಗೆಯ ಆಧಾರದ ಹೊಸ ಪದ್ಧತಿಗೆ ಒಳಪಟ್ಟವರು. ನನ್ನಂಥ ಹಳಬರಿಗೆ ಬರುವ ವೇತನ ಅವರಿಗಿಲ್ಲ. ಹುಡುಗಿಯರ ವಿಷಯದಲ್ಲಿ ಬಡ್ತಿಯೊಡನೆ ಬರುವ ದೂರದ ವರ್ಗಾವಣೆಯೂ ಉಂಟು. ಅದಕ್ಕೆ ಅಂಜಿ ಬಡ್ತಿಯನ್ನೇ ಬಿಟ್ಟುಕೊಟ್ಟ ಹಲವರು ನನ್ನ ಕೈಕೆಳಗೆ ಇದ್ದರು. ಅವರ ಗಂಡನ ಮನೆಯವರಲ್ಲಿ ಎಷ್ಟು ಜನರಿಗೆ ಅದು ತ್ಯಾಗವೆಂದು ತೋರಿತ್ತೋ ನಾನರಿಯೆ.

ಹಬ್ಬದ ಮರುದಿನ ತಮ್ಮನ ಮಗಳು ತನ್ನ ರಾಜೀನಾಮೆಯ ಕರಡನ್ನು ನನಗೆ ತೋರಿಸಿದಳು. ಅವಳ ತಂದೆಗೆ ಗೊತ್ತಿಲ್ಲ. ಮನೆಯ ಸಾಲದ ಕಂತು ಅವಳ ಸಂಬಳದಿಂದ ಹೋಗುತ್ತದೆ. ಬೇಡವೆಂದು ನಾನು ಹೇಳಲಿಲ್ಲ, ಬೇಕೆಂದೂ ಹೇಳಲಿಲ್ಲ. ನಿನ್ನ ಮೇಲಿನವರಲ್ಲಿ ನಿಜ ಹೇಳಬಹುದಾದವರು ಒಬ್ಬರಾದರೂ ಇದ್ದಾರೆಯೇ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, ಹಳೆಯ ಶಾಖೆಯ ಒಬ್ಬ ಅಧಿಕಾರಿಯ ಹೆಸರು ಹೇಳಿದಳು. ಮೊದಲು ಅವರನ್ನು ಕಂಡು ಬಾ ಎಂದೆ.

ತಂಗಿಯ ಮಗ ಆರೋಪಪತ್ರಕ್ಕೆ ಹದಿನೈದು ದಿನಗಳೊಳಗೆ ಉತ್ತರ ಕೊಡಬೇಕಾಗಿತ್ತು. ಇಂಥ ವಿಚಾರಣೆಗಳಲ್ಲಿ ಆರೋಪಿತನ ಪರ ನಿಂತು ನನಗೆ ಅಭ್ಯಾಸವಿರುವುದರಿಂದ ಸಂಜೆ ಪಡಸಾಲೆಯಲ್ಲಿ ಕಾಗದಗಳನ್ನು ಹರವಿಕೊಂಡು ಕುಳಿತೆವು. ಸಾಲ ಪಡೆದವನ ಲೆಕ್ಕಪತ್ರಗಳನ್ನು ಓದಲು ತಮ್ಮನ ಮಗಳೇ ಮುಂದೆ ಬಂದಳು. ಖಾಸಗಿ ಬ್ಯಾಂಕು ಕಲಿಸಿದ ವೇಗದಲ್ಲಿ ಮೂರು ವರ್ಷದ ಅಂಕಿಗಳನ್ನು ಒಂದು ಹಾಳೆಗೆ ಇಳಿಸಿ, ಮಂಜೂರಾದ ದಿನ ಆ ವ್ಯಾಪಾರ ಗಟ್ಟಿಯಾಗಿಯೇ ಇತ್ತು, ಕೆಟ್ಟದ್ದು ಆಮೇಲೆ ಎಂದು ತೋರಿಸಿಕೊಟ್ಟಳು. ನಡುವೆ ಅವಳ ದೂರವಾಣಿ ಮೊಳಗಿತು. ಒಮ್ಮೆ ನೋಡಿ ಅದನ್ನು ಬೋರಲು ಹಾಕಿ, ‘ಅಣ್ಣಾ, ಎರಡನೇ ಅನುಬಂಧ ಎಲ್ಲಿದೆ?’ ಎಂದು ಕೇಳಿದಳು.